ಪದಚರ್ಚೆ: ‘ಹಗುರ ಟ್ರ್ಯಾಕ್ಟರ್’ ಎಂಬ ಟ್ಯಾಂಕು, ಇಂಥ ಹೆಸರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆ ನಮಸ್ಕಾರ.

ಎರಡು ಮಹಾಯುದ್ಧಗಳ ನಡುವೆ ಜರ್ಮನಿಯವರು ಮಾಡಿದ ಒಂದು ಟ್ಯಾಂಕಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರಿನ ಹತ್ತಿರವೇ ನಿಂತುಬಿಟ್ಟಿದ್ದೇನೆ. ‘ಲೈಖ್ಟ್‌ಟ್ರಾಕ್ಟರ್’ ಅಂತ ಅದರ ಹೆಸರು. ಪದಕ್ಕೆ ಪದ ಇಟ್ಟರೆ ‘ಹಗುರ ಟ್ರ್ಯಾಕ್ಟರ್’. ಆದರೆ ಅದು ಉಳುವ ಗಾಡಿಯಲ್ಲ. ನಾಲ್ಕು ಜನ ಕೂರುವ, 37 ಮಿ.ಮೀ. ಫಿರಂಗಿ ಹೊತ್ತ ಟ್ಯಾಂಕು.

ಹೆಸರು ಹೀಗೇಕೆ ಅಂದರೆ, 1919ರ ವರ್ಸೇಲ್ಸ್ ಒಪ್ಪಂದದ ಪ್ರಕಾರ ಜರ್ಮನಿ ಟ್ಯಾಂಕು ಮಾಡುವ ಹಾಗಿರಲಿಲ್ಲ, ಹೊರಗಿನಿಂದ ತರಿಸುವ ಹಾಗೂ ಇರಲಿಲ್ಲ. 1928ರಲ್ಲಿ ಸೇನೆಯವರು ಕ್ರುಪ್ ಮತ್ತು ರೈನ್‌ಮೆಟಾಲ್ ಕಂಪನಿಗಳಿಗೆ ಈ ಕೆಲಸ ವಹಿಸಿದಾಗ ಕಾಗದದ ಮೇಲೆ ಟ್ರ್ಯಾಕ್ಟರ್ ಎಂದೇ ಬರೆದರು. ಎರಡೂ ಕಂಪನಿಗಳು ಎರಡೆರಡು ಟ್ಯಾಂಕು ಕಟ್ಟಿದವು. ಅವನ್ನು ಓಡಿಸಿ ನೋಡಿದ್ದು ಸೋವಿಯತ್ ನೆಲದಲ್ಲಿ, ಕಜಾನ್ ಹತ್ತಿರದ ‘ಕಾಮಾ’ ಎಂಬ, ಟ್ಯಾಂಕಿನ ತರಬೇತಿ ಕೊಡುವ ಗುಟ್ಟಿನ ಶಾಲೆಯಲ್ಲಿ. 1933ರಲ್ಲಿ ಆ ಶಾಲೆ ಮುಚ್ಚಿತು. ಮುಂದೆ ‘ಪಾಂಜರ್ 1’ ಎಂದು ಹೆಸರಾದ ಜರ್ಮನ್ ಟ್ಯಾಂಕಿಗೂ ಮೊದಲಿಗೆ ‘ಬೇಸಾಯದ ಟ್ರ್ಯಾಕ್ಟರ್’ ಅಂತಲೇ ಹೆಸರಿತ್ತು.

ನಾನು ‘ಹಗುರ ಟ್ಯಾಂಕು’ ಎಂದು ಬರೆದರೆ ಈ ಕಥೆಯೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಜರ್ಮನ್ ಹೆಸರನ್ನೇ ಉಳಿಸಿಕೊಂಡು, ಒಮ್ಮೆ ಅರ್ಥ ಬಿಡಿಸಿ ಹೇಳೋಣ ಅನ್ನಿಸಿದೆ. ಅಲ್ಲಿ ಬಂತು ತೊಡಕು. ಇಂಥ ಹೆಸರಿಗೆ ಕನ್ನಡದಲ್ಲಿ ಏನನ್ನಬೇಕು?

ಪತ್ರಿಕೆಗಳಲ್ಲಿ ‘ಸಂಕೇತನಾಮ’ ಅಂತಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ಸಂಕೇತನಾಮ ಕೇಳಿದ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ಈ ಹೆಸರು ಕೇಳಿದವರಿಗೆ ತಪ್ಪಾಗಿ ತಿಳಿಯಬೇಕು, ಅದೇ ಅದರ ಕೆಲಸ. ‘ಮರೆಹೆಸರು’ ಚೆನ್ನಾಗಿದೆ, ಆದರೆ ಮರೆತ ಹೆಸರು ಅಂದುಕೊಳ್ಳಬಹುದು. ಮಾರುವೇಷ ಇರುವ ಹಾಗೆ ‘ಮಾರುಹೆಸರು’ ಅನ್ನಬಹುದಾ? ನನ್ನ ಮನಸ್ಸು ಇದರ ಕಡೆಗೇ ಜಾಸ್ತಿ ವಾಲುತ್ತಿದೆ.

‘ಟ್ಯಾಂಕ್’ ಅನ್ನೋದೂ ಇಂಥದ್ದೇ ಹೆಸರು ನೋಡಿ. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನವರು ಗುಟ್ಟು ಕಾಯಲು, ನೀರಿನ ತೊಟ್ಟಿ ಎಂದು ಜನ ತಿಳಿಯಲಿ ಅಂತ ಇಟ್ಟದ್ದು. ನಮ್ಮ ಬೆಂಗಳೂರಿನಲ್ಲಿ ಸ್ಯಾಂಕಿ ಟ್ಯಾಂಕ್ ಇವತ್ತಿಗೂ ಕೆರೆಯೇ ಅಲ್ವಾ? ಒಂದು ವೇಷ ನಿಜವಾದ ಹೆಸರಾಗಿ ನಿಂತಿತು, ಇನ್ನೊಂದು ಕಳಚಿಬಿತ್ತು.

ಇನ್ನೊಂದು ಪದವೂ ಕಾಡುತ್ತಿದೆ: ‘ಪ್ರಾಯೋಗಿಕ’. ಪ್ರಾಯೋಗಿಕ ಟ್ಯಾಂಕು ಅಂದರೆ ಪ್ರಯೋಗಕ್ಕೆಂದು ಮಾಡಿದ್ದು ಅಂತ ನನ್ನ ಅರ್ಥ. ಆದರೆ ‘ಪ್ರಾಯೋಗಿಕವಾಗಿ ಯೋಚಿಸು’ ಅಂದಾಗ ಬಳಕೆಗೆ ಒದಗುವಂಥದ್ದು ಅಂತ ಅರ್ಥ. ಎರಡೂ ಎದುರುಬದುರು. ಈ ನಾಲ್ಕು ಟ್ಯಾಂಕುಗಳ ಮೇಲೆ ಪ್ರಯೋಗ ನಡೆಯಿತೇ ಹೊರತು ಆ ಮಾದರಿಯನ್ನು ಸೇನೆಗೆಂದು ಸಾಲುಸಾಲಾಗಿ ಮಾಡಲಿಲ್ಲ. ಅದಕ್ಕೇ ‘ಪ್ರಯೋಗದ ಟ್ಯಾಂಕು’ ಎಂದು ಬರೆದಿದ್ದೇನೆ. ಕಿವಿಗೆ ಹಿತವಾಗಿದೆಯಾ, ಹೇಳಿ.

‘ಹಗುರ’ವನ್ನು ಮಾತ್ರ ಬಿಡುವುದಿಲ್ಲ. ಲಘು ಯುದ್ಧ ವಿಮಾನ ಅನ್ನೋದು ರೂಢಿಯಾಗಿದೆ, ನಿಜ. ಆದರೆ ಸುಮಾರು 9 ಟನ್ ತೂಗುವುದನ್ನು ಹಗುರ ಅಂದಾಗಲೇ, ಯಾವುದಕ್ಕಿಂತ ಹಗುರ ಎಂದು ಓದುವವರು ಕೇಳುತ್ತಾರೆ. ಉತ್ತರ ಪಕ್ಕದಲ್ಲೇ ಇದೆ: ಅದೇ ಕಾಲದಲ್ಲಿ ‘ದೊಡ್ಡ ಟ್ರ್ಯಾಕ್ಟರ್’ ಅನ್ನುವ ಇನ್ನೊಂದು ಟ್ಯಾಂಕೂ ಇತ್ತು.

ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವನ್ನು ‘ಹುಳ’ ಅಂತಾರಲ್ಲ, ಅದು ಅಂಜಿಕೆಯಿಂದ ಇಟ್ಟ ಹೆಸರು. ಮೋಸಕ್ಕೆಂದೇ ಇಟ್ಟ ಹೆಸರಿಗೆ ನಿಮ್ಮ ಕಡೆ ಏನಾದರೂ ಮಾತು ಇದೆಯಾ? ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಜೊತೆ ತಿಳಿಸಿ.