ಥೆಟ್‌ಫರ್ಡ್ ಕ್ಯಾಸಲ್‌ನಲ್ಲಿ ಕೋಟೆ ಎಲ್ಲಿದೆ?

ಕೇಂಬ್ರಿಜ್‌ವಾಸಿ:
ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ. ಅಪ್ಪನಿಗೆ ಕೋಟೆ ಅಂದ್ರೆ ಪ್ರಾಣ, ಚಿತ್ರದುರ್ಗದ ಏಳು ಸುತ್ತೂ ಬಾಯಿಪಾಠ. ನಮಗೆ ಹತ್ತಿರ ಅಂದ್ರೆ ನಾರ್ಫೋಕ್‌ನ ಥೆಟ್‌ಫರ್ಡ್. ಆದರೆ ಫೋಟೊದಲ್ಲಿ ಬರೀ ಹುಲ್ಲುಗುಡ್ಡ. ಗೋಡೆ, ಬುರುಜು ಏನೂ ಇಲ್ಲ. ಕರ್ಕೊಂಡು ಹೋಗಿ ಬೈಸಿಕೊಳ್ತೀನಾ?

ಏರಿ ಎಂಜಿನಿಯರ್:
ಧಾರಾಳವಾಗಿ ಹೋಗಿ. ಆ ಗುಡ್ಡವೇ ಕೋಟೆ. ನಾನು ಊರಲ್ಲಿ ಕೆರೆ ಏರಿ ಕೆಲಸ ಮಾಡಿಸಿದವನು, ಗೋಡೆಗಿಂತ ಮಣ್ಣಿನ ಮೇಲೇ ನನ್ನ ಕಣ್ಣು. 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರಿಗೆ ಎಲ್ಲೆಡೆ ಕಲ್ಲು ಕಟ್ಟುತ್ತಾ ಕೂರುವ ಪುರುಸೊತ್ತು ಎಲ್ಲಿತ್ತು? ಸುತ್ತ ಕಂದಕ ತೋಡು, ಅದೇ ಮಣ್ಣು ನಡುವೆ ಸುರಿ, ಮೇಲೊಂದು ಮರದ ಬುರುಜು ನಿಲ್ಲಿಸು. ಈ ದಿಬ್ಬವೇ ಮಾಟ್. ಪಕ್ಕದಲ್ಲಿ ಬೇಲಿ ಹಾಕಿದ ಅಂಗಳ ಬೈಲಿ. ಲಾಯ, ಅಡುಗೆಮನೆ ಎಲ್ಲ ಅಲ್ಲೇ.

ಥೆಟ್‌ಫರ್ಡಿನದು ಸುಮಾರು 19 ಮೀಟರ್, ಇಂಗ್ಲೆಂಡಿನ ಅತಿ ಎತ್ತರದ ಮಾಟ್‌ಗಳಲ್ಲೊಂದು. ಒಳಗೆಲ್ಲ ಸೀಮೆಸುಣ್ಣದ ಕಲ್ಲು. ಹುಲ್ಲು ಸವೆದ ಕಡೆ ಬೆಳ್ಳಗೆ ಇಣುಕುತ್ತೆ. ಸೀದಾ ಮೆಟ್ಟಿಲು ಹತ್ತಬೇಡಿ. ಮೊದಲು ಉತ್ತರದ ಕಡೆಗೆ ಹೋಗಿ, ಅಲ್ಲಿ ಜೋಡಿ ಏರಿ, ಜೋಡಿ ಕಂದಕ ಇವೆ. ಅವು ನಾರ್ಮನ್ನರದ್ದಲ್ಲ, ಅವರಿಗಿಂತ ಸಾವಿರ ವರ್ಷಕ್ಕೂ ಹಿಂದಿನ ಕಬ್ಬಿಣ ಯುಗದವು. ಯಾರೋ ಬೆವರು ಸುರಿಸಿದ್ದು, ಇವರು ಬಂದು ಒಳಗೆ ಕೂತರು! ಕಂದಕದ ತಳದಲ್ಲಿ ನಿಂತು ತಲೆ ಎತ್ತಿ ನೋಡಲಿ, ಗುರಾಣಿ ಹೊತ್ತು ಹತ್ತುವವನ ಪಾಡು ಅಪ್ಪನಿಗೆ ನಾನು ಹೇಳಬೇಕಾಗಿಲ್ಲ.

ಕೇಂಬ್ರಿಜ್‌ವಾಸಿ:
ಹಾಗಾದ್ರೆ ಮೇಲಿದ್ದ ಕಟ್ಟಡ ಏನಾಯ್ತು?

ಏರಿ ಎಂಜಿನಿಯರ್:
ಹ್ಯೂ ಬೈಗಾಡ್ ಅನ್ನೋ ಸಾಮಂತ 2ನೇ ಹೆನ್ರಿಯ ಮೇಲೆ ದಂಗೆ ಎದ್ದ. 1173ರಲ್ಲಿ ರಾಜನ ಕಡೆಯವರು ಕೋಟೆ ಕೆಡವಿದರು. ಮರ ಕೀಳಬಹುದು, ಇಷ್ಟು ಮಣ್ಣನ್ನು ವಾಪಸ್ ಕಂದಕಕ್ಕೆ ತುಂಬೋರು ಯಾರು?

ನಾರ್ವಿಚ್ ಅಕ್ಕ:
ಊರವರ ಕಥೆಯೇ ಬೇರೆ: ದೆವ್ವ ಬೂಟು ಕೆರೆದಾಗ ಉದುರಿದ ಮಣ್ಣಂತೆ ಅದು! ಮೆಟ್ಟಿಲು ಕಡಿದಾಗಿದೆ, ಮಳೆ ಬಂದ ಮಾರನೇ ದಿನ ಹತ್ತೋದು ಬೇಡ. ಅಮ್ಮನಿಗೆ ಮಂಡಿನೋವಿದ್ರೆ ನದಿ ಕಡೆ ಕರ್ಕೊಂಡು ಹೋಗಪ್ಪ, ಅಲ್ಲಿ ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ ಪ್ರತಿಮೆಯಾಗಿ ಕುದುರೆ ಮೇಲೆ ಕೂತಿದ್ದಾನೆ. ಅವನಿದ್ದದ್ದು ಪಕ್ಕದ ಎಲ್ವೆಡನ್‌ನಲ್ಲಿ. ಅಪ್ಪನಿಗೆ ಕಲ್ಲಿನ ಗೋಡೆ ಬೇಕೇ ಬೇಕು ಅಂದ್ರೆ ಕಿಂಗ್ಸ್ ಲಿನ್ ಹತ್ತಿರ ಕ್ಯಾಸಲ್ ರೈಸಿಂಗ್ ಇದೆ. ಅಲ್ಲಿ ಏರಿಯೂ ಉಂಟು, ಗೋಡೆಯೂ ಉಂಟು.