ಟ್ರೈನಿ ಕೈಯಲ್ಲಿ ಅಪಾಯದ ಕೇಸ್: ಸೂಪರ್‌ವೈಸರ್ ಹೊಣೆ ಎಲ್ಲಿಯವರೆಗೆ?

ಪ್ರಶ್ನೆ (ಹಾಸನ): ನಮ್ಮದು ಸಣ್ಣ ಆಪ್ತಸಮಾಲೋಚನಾ ಕೇಂದ್ರ, ಎಂ.ಎಸ್ಸಿ. ಓದುತ್ತಿರುವ ಇಬ್ಬರು ಟ್ರೈನಿಗಳಿದ್ದಾರೆ. ಒಬ್ಬರ ಕ್ಲೈಂಟ್ ಮೂರನೇ ಸೆಷನ್‌ನಲ್ಲಿ "ಬದುಕಿರೋದೇ ಬೇಡ ಅನ್ಸುತ್ತೆ" ಅಂದಿದ್ದಾರೆ. ನನಗೆ ಗೊತ್ತಾಗಿದ್ದು ಐದು ದಿನದ ಮೇಲೆ, ನಾನು ಟ್ರೈನಿಗಳ ಜೊತೆ ಕೇಸ್ ಚರ್ಚಿಸುವ ವಾರದ ಸೂಪರ್‌ವಿಷನ್‌ನಲ್ಲಿ. ಕೇಸ್ ಅವರಿಂದ ತೆಗೆಯಲೇ? ತಿಳಿದವರು ಹೇಳಿ.

ಉತ್ತರ (ಹಾಸನ): ತೆಗೆಯುವ ಮಾತು ಆಮೇಲೆ. ಮೊದಲು ಇವತ್ತೇ ಕ್ಲೈಂಟ್‌ಗೆ ಫೋನ್ ಹೋಗಲಿ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಕರೆಸಿ ಮಾತಾಡುವ ಸೆಷನ್‌ನಲ್ಲಿ ನೀವೂ ಕೂರಿ. ಟ್ರೈನಿಯ ವರದಿ ಕೇಳಿಯೇ ಅಪಾಯ ಅಳೆಯುವ ಸೂಪರ್‌ವೈಸರ್‌ಗೆ ತಿಳಿಯುವುದು ಟ್ರೈನಿಗೆ ಎಷ್ಟು ಕೇಳಿಸಿತೋ ಅಷ್ಟೇ.

ಐದು ದಿನ ತಡವಾಗಿದ್ದರಲ್ಲಿ ಟ್ರೈನಿಯ ತಪ್ಪಿಗಿಂತ ನಿಮ್ಮ ವ್ಯವಸ್ಥೆಯ ತಪ್ಪು ಹೆಚ್ಚು. ನಿಯಮ ಹೀಗಿರಲಿ: ಸಾವಿನ ಮಾತು ಬಂದರೆ ಕ್ಲೈಂಟ್ ಕೋಣೆ ಬಿಡುವ ಮುಂಚೆಯೇ ಸೂಪರ್‌ವೈಸರ್‌ಗೆ ಫೋನ್. ನೀವು ಬೆಂಗಳೂರು ಬಸ್ಸಿನಲ್ಲಿದ್ದರೆ ಎರಡನೆಯವರ ನಂಬರ್ ಗೋಡೆ ಮೇಲಿರಬೇಕು. ಇಬ್ಬರೂ ಸಿಗದ ದಿನ ಟ್ರೈನಿಗೆ ಸೆಷನ್ ಕೊಡಲೇಬೇಡಿ.

ಪ್ರಶ್ನೆ ಕೇಳುವ ರೀತಿಯನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸಿ. ಹೊಸಬರು "ಏನಾದ್ರೂ ಮಾಡ್ಕೋಬೇಕು ಅಂತೆಲ್ಲಾ ಇಲ್ಲ ತಾನೇ?" ಅನ್ನುತ್ತಾರೆ. ಉತ್ತರ "ಇಲ್ಲ" ಅಂತ ಪ್ರಶ್ನೆಯೇ ಹೇಳಿಕೊಟ್ಟ ಹಾಗಾಯಿತು. "ಸಾಯಬೇಕು ಅನ್ನಿಸಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ? ಅದಕ್ಕೆ ಏನಾದರೂ ತಯಾರಿ ಮಾಡಿಕೊಂಡಿದ್ದೀರಾ? ಮೊದಲು ಪ್ರಯತ್ನಿಸಿದ್ದಿದೆಯಾ?" ಎಂದು ನೇರವಾಗಿ, ಇದೇ ಕ್ರಮದಲ್ಲಿ ಕೇಳಲಿ. ಕೇಳಿದ್ದಕ್ಕೇ ಆ ಯೋಚನೆ ಹುಟ್ಟುತ್ತದೆ ಎನ್ನುವುದು ಸುಳ್ಳು ಭಯ.

ಉತ್ತರ (ಮೂಡಿಗೆರೆ): "ನಾನು ಏನೂ ಮಾಡಿಕೊಳ್ಳುವುದಿಲ್ಲ" ಅಂತ ಬರೆಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇನ್ನೂ ಇದ್ದರೆ ನಿಲ್ಲಿಸಿ. ಅದರಿಂದ ಸಮಾಧಾನ ಆಗುವುದು ನಮಗೆ ಮಾತ್ರ. ಬೇಕಾಗಿರುವುದು ಕ್ಲೈಂಟ್ ಜೊತೆ ಕೂತು ಬರೆದ ಸುರಕ್ಷತಾ ಯೋಜನೆ: ಮನಸ್ಸು ಕೆಡುವ ಮುನ್ಸೂಚನೆ ಏನು, ಆಗ ತಾವೇ ಮಾಡಬಹುದಾದದ್ದು ಏನು, ಯಾರ ಜೊತೆ ಹೋಗಿ ಕೂರಬಹುದು, ಯಾರಿಗೆ ಹೇಳಬಹುದು, ಯಾವ ಆಸ್ಪತ್ರೆ ಅಥವಾ ನಂಬರ್, ಮನೆಯಲ್ಲಿ ಅಪಾಯದ ವಸ್ತು ಕೈಗೆ ಸಿಗದ ಹಾಗೆ ಏನು ಮಾಡುವುದು.

ಕೊನೆಯದನ್ನೇ ಟ್ರೈನಿಗಳು ಹಾರಿಸುತ್ತಾರೆ, ಮಲೆನಾಡಿನಲ್ಲಿ ಅದೇ ಮುಖ್ಯ. ತೋಟ ಗದ್ದೆ ಇರುವ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿಯ ಡಬ್ಬ ಹಿತ್ತಿಲಲ್ಲೋ ಮಂಚದ ಕೆಳಗೋ ಇರುತ್ತದೆ. ತೀವ್ರ ಯೋಚನೆ ಹಲವು ಸಲ ಸ್ವಲ್ಪ ಹೊತ್ತಿನದು, ಆ ಹೊತ್ತಲ್ಲಿ ಡಬ್ಬ ದೂರ ಇದ್ದರೆ ಜೀವ ಉಳಿಯಬಹುದು. "ಬೀಗ ಹಾಕಿಸಿ" ಅಂದರೆ ಸಾಲದು. ಕೀ ಯಾರ ಬಳಿ, ಇವತ್ತು ಸಂಜೆಯೊಳಗೆ ಯಾರು ಸಾಗಿಸುತ್ತಾರೆ, ಆಯಿತು ಅಂತ ಯಾರು ಫೋನ್ ಮಾಡುತ್ತಾರೆ, ಇಷ್ಟೂ ಬರೆಯಲಿ.

ಯೋಜನೆ ಕಾಗದದಲ್ಲಿರಲಿ. ಕಳಸದ ಕಡೆ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಮೊಬೈಲ್‌ನ ಪಟ್ಟಿ ಯಾರ ಉಪಯೋಗಕ್ಕೆ? ಫೋನ್ ಸಿಗುವ ಪಕ್ಕದ ಮನೆ ಯಾವುದು ಅಂತಲೂ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಟ್ರೈನಿ ತಾನೇ ಒಮ್ಮೆ ಡಯಲ್ ಮಾಡಿ ತೋರಿಸಲಿ.

ಉತ್ತರ (ಚಿಕ್ಕಮಗಳೂರು): ಕಾನೂನಿನ ಕಡೆಯಿಂದ ಎರಡು ಮಾತು. ಮೊದಲ ಸೆಷನ್‌ನಲ್ಲೇ ಟ್ರೈನಿ "ನಾನು ಕಲಿಯುತ್ತಿದ್ದೇನೆ, ನಿಮ್ಮ ಮಾತು ನನ್ನ ಸೂಪರ್‌ವೈಸರ್‌ಗೂ ಗೊತ್ತಾಗುತ್ತದೆ, ಜೀವಕ್ಕೆ ಅಪಾಯವಿದ್ದರೆ ಗುಟ್ಟು ಕಾಯಲಾಗದು" ಎಂದು ಹೇಳಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ಹಕ್ಕಾಗಿಸಿದೆ, ಜೀವಾಪಾಯ ಅದಕ್ಕೆ ವಿನಾಯಿತಿ. ವಿನಾಯಿತಿ ಅಂದರೆ ಊರಿಗೆಲ್ಲ ಹೇಳುವುದಲ್ಲ, ಬೇಕಾದವರಿಗೆ ಬೇಕಾದಷ್ಟು ಮಾತ್ರ.

ಕ್ಲೈಂಟ್ 18 ವರ್ಷ ತುಂಬದವರಾಗಿದ್ದು ಲೈಂಗಿಕ ದೌರ್ಜನ್ಯ ಹೊರಬಂದರೆ ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. "ಮುಂದಿನ ವಾರ ನೋಡೋಣ" ಅಂತ ಟ್ರೈನಿಗೆ ಹೇಳುವ ಅಧಿಕಾರ ಸೂಪರ್‌ವೈಸರ್‌ಗಿಲ್ಲ.

ಊರು ಚಿಕ್ಕದು ನೋಡಿ: ಕ್ಲೈಂಟ್ ನಿಮ್ಮ ನೆಂಟರೋ ಟ್ರೈನಿಯ ಕಾಲೇಜಿನವರೋ ಆಗಿದ್ದರೆ ಕೇಸ್ ಹಂಚುವಾಗಲೇ ಬದಲಿಸಿ.

ಉತ್ತರ (ಹಾಸನ, ಮತ್ತೊಬ್ಬರು): ಕೇಸ್ ತೆಗೆಯುವ ಬಗ್ಗೆ. ಯೋಚನೆ ಮಾತ್ರ ಇದ್ದರೆ ಟ್ರೈನಿಯೇ ಮುಂದುವರಿಸಲಿ, ವಾರಕ್ಕೆ ಎರಡು ಸಲ ನಿಮ್ಮ ಜೊತೆ ಚರ್ಚೆಯಾಗಲಿ. ವಿಧಾನ, ಉದ್ದೇಶ, ತಯಾರಿ ಸೇರಿದ್ದರೆ ಅಥವಾ ಇತ್ತೀಚೆಗೆ ಪ್ರಯತ್ನ ಆಗಿದ್ದರೆ ನೀವು ಮುಂದೆ, ಟ್ರೈನಿ ಪಕ್ಕದಲ್ಲಿ. ಅವತ್ತೇ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೋ ಬೇರೆಡೆಯೋ ಮನೋವೈದ್ಯರಿಗೆ ತೋರಿಸಬೇಕು. ಚೀಟಿ ಕೊಟ್ಟು ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಯಾರಾದರೂ ಹೋಗಲಿ. ಹೇಳದೆ ಕೇಳದೆ ಟ್ರೈನಿಯನ್ನು ಬದಲಿಸಿದರೆ ಕ್ಲೈಂಟ್‌ಗೆ "ಬಾಯಿ ಬಿಟ್ಟಿದ್ದಕ್ಕೆ ಕೈಬಿಟ್ಟರು" ಅನ್ನಿಸುತ್ತದೆ.

ದಾಖಲೆಯಲ್ಲಿ "ರಿಸ್ಕ್ ಇಲ್ಲ" ಎಂಬ ಎರಡು ಪದ ಒಪ್ಪಬೇಡಿ. ಕೇಳಿದ್ದೇನು, ಕ್ಲೈಂಟ್ ಅಂದದ್ದೇನು, ನೀವು ನಿರ್ಧರಿಸಿದ್ದೇನು, ಬೇರೆ ದಾರಿ ಯಾಕೆ ಬಿಟ್ಟಿರಿ, ದಿನಾಂಕ, ಸಮಯ, ಇಬ್ಬರ ಸಹಿ. ಆಮೇಲೆ ತಿದ್ದುವುದಾದರೆ ಹಳೆಯದನ್ನು ಅಳಿಸದೆ ಹೊಸ ದಿನಾಂಕ ಹಾಕಿ ಸೇರಿಸಿ.

ಕೇಳಿದವರು: ಕ್ಲೈಂಟ್ "ಮನೆಯವರಿಗೆ ಮಾತ್ರ ಹೇಳಬೇಡಿ" ಅಂತಾರೆ.

ಉತ್ತರ (ಮೂಡಿಗೆರೆ): ಯಾಕೆ ಅಂತ ಮೊದಲು ಕೇಳಿ. ಹೊಡೆಯುವವರು ಮನೆಯಲ್ಲೇ ಇದ್ದರೆ ಅವರಿಗೆ ಹೇಳುವುದೇ ಅಪಾಯ. ಇಲ್ಲದಿದ್ದರೆ "ಯಾರಿಗೆ ಹೇಳಿದರೆ ಪರವಾಗಿಲ್ಲ?" ಅಂತ ಕೇಳಿ, ಅಕ್ಕನೋ ಸ್ನೇಹಿತರೋ ಒಬ್ಬರು ಸಾಮಾನ್ಯವಾಗಿ ಸಿಗುತ್ತಾರೆ. ಅವರಿಗೆ ಏನು ಹೇಳಬೇಕು ಅನ್ನುವುದನ್ನು ಕ್ಲೈಂಟ್ ಎದುರೇ ತೀರ್ಮಾನಿಸಿ, ಅವರ ಎದುರೇ ಫೋನ್ ಮಾಡಿ. ಟ್ರೈನಿಯ ಇಂಟರ್ನ್‌ಶಿಪ್ ಯಾವಾಗ ಮುಗಿಯುತ್ತದೆ ಅಂತಲೂ ಈಗಲೇ ನೋಡಿಕೊಳ್ಳಿ. ನಾಲ್ಕು ವಾರ ಮುಂಚೆ ಕ್ಲೈಂಟ್‌ಗೆ ತಿಳಿಸಿ, ಕೊನೆಯ ಎರಡು ಸೆಷನ್‌ಗೆ ಮುಂದೆ ಕೇಸ್ ನೋಡುವವರು ಜೊತೆಗೆ ಕೂರಲಿ.