ಮಂಗಳೂರು–ಲಂಡನ್: ದೂರ ಎಷ್ಟು, ನಿಜವಾಗಿ ತಗಲುವ ಸಮಯ ಎಷ್ಟು?

ಪ್ರಶ್ನೆ (ಮಣಿಪಾಲದಿಂದ)
ಬಜಪೆಯಿಂದ (ಮಂಗಳೂರು ವಿಮಾನ ನಿಲ್ದಾಣ) ಲಂಡನ್ ಹೀಥ್ರೂಗೆ ಒಂದು ಕಡೆ 7,870 ಅಂತ ಉಂಟು, ಇನ್ನೊಂದು ಕಡೆ 4,250. ಸಮಯ ಒಂಬತ್ತೂಕಾಲು ಗಂಟೆಯಂತೆ. ಟಿಕೆಟ್ ಹುಡುಕಿದರೆ 15 ಗಂಟೆಗೆ ಕಡಿಮೆ ಸಿಗುತ್ತಿಲ್ಲ. ದುಬೈ, ಮುಂಬೈ, ಬೆಂಗಳೂರು, ಯಾವ ದಾರಿ ಹತ್ತಿರ? ಹೋಗುವುದು ಅಪ್ಪ ಅಮ್ಮ ಇಬ್ಬರೇ.

ಉತ್ತರ 1
ಎರಡೂ ಸರಿ ಸರ್. 4,250 ನಾಟಿಕಲ್ ಮೈಲು, 1.852ರಿಂದ ಗುಣಿಸಿದರೆ 7,870 ಕಿ.ಮೀ. ಅದನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ, ಏರಿ ಇಳಿಯಲು ಅರ್ಧ ಗಂಟೆ ಸೇರಿಸಿದ್ದೇ ಆ ಒಂಬತ್ತೂಕಾಲು. ಆದರೆ ಅಂಥ ನೇರ ವಿಮಾನ ಇಲ್ಲ. ಬಜಪೆಯ ರನ್‌ವೇ 2,450 ಮೀಟರ್, ಅದೂ ಗುಡ್ಡದ ತಲೆ ಮೇಲೆ. ಇಲ್ಲಿಗೆ ಬರುವ 737, ಎ320 ಜಾತಿಯ ವಿಮಾನಗಳಿಗೆ ಗಲ್ಫ್ ಸಲೀಸು, ಲಂಡನ್ ಎಟುಕುವುದಿಲ್ಲ.

ದಾರಿಯ ಲೆಕ್ಕ ಸುಮಾರಾಗಿ ಹೀಗೆ: ಮುಂಬೈ ಮೂಲಕ 715 + 7,200, ದುಬೈ ಮೂಲಕ 2,460 + 5,500. ಎರಡರಲ್ಲೂ ಸುತ್ತು ನೂರು ಕಿ.ಮೀ.ಗಿಂತ ಕಡಿಮೆ, ಯಾಕೆಂದರೆ ಲಂಡನ್ ನಮಗೆ ವಾಯುವ್ಯಕ್ಕೆ. ಬೆಂಗಳೂರಿಗೆ ಹೋದರೆ ಮೊದಲು ಪೂರ್ವಕ್ಕೆ ಹಾರಿ ಮತ್ತೆ ತಿರುಗಬೇಕು. ಒಟ್ಟು 8,350, ಅಂದರೆ 480 ಹೆಚ್ಚು. ಮುಂಬೈ ದಾರಿಗೆ ಒಂದು ತೊಡಕು: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಹಾಗೆ ಮುಚ್ಚಿದಾಗ ಅವು ಸುತ್ತಿಕೊಂಡು ಹೋಗಬೇಕು, ಈ ಲೆಕ್ಕ ಹಿಡಿಯುವುದಿಲ್ಲ.

ಉತ್ತರ 2
ಸಮಯ ಕೂಡಿಸುವಾಗ ಎಲ್ಲವನ್ನೂ ಭಾರತದ ಗಂಟೆಗೆ ತಂದುಕೊಳ್ಳಿ, ಆಗ ತಪ್ಪುವುದಿಲ್ಲ. ಬೆಳಿಗ್ಗೆ 10ಕ್ಕೆ ಬಜಪೆ ಬಿಟ್ಟರೆ ನಾಲ್ಕು ಗಂಟೆ ಹಾರಾಟ. ದುಬೈಯಲ್ಲಿ ಆಗ ಮಧ್ಯಾಹ್ನ 12:30 (ನಮಗಿಂತ ಒಂದೂವರೆ ಗಂಟೆ ಹಿಂದೆ). ಅಲ್ಲಿ ಮೂರೂವರೆ ಗಂಟೆ ಕಾಯುವುದು, ಮುಂದೆ 7 ಗಂಟೆ 40 ನಿಮಿಷ. ಒಟ್ಟು 15 ಗಂಟೆ 10 ನಿಮಿಷ. ಇಳಿಯುವಾಗ ಲಂಡನ್‌ನಲ್ಲಿ ಚಳಿಗಾಲವಾದರೆ ರಾತ್ರಿ 7:40, ಬೇಸಿಗೆಯಲ್ಲಿ 8:40. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಬರುವಾಗ ಪಶ್ಚಿಮದ ಮೇಲ್ಗಾಳಿ ಹಿಂದಿನಿಂದ ತಳ್ಳುವುದರಿಂದ ಹಾರಾಟ ಕಡಿಮೆಯಾಗುತ್ತದೆ.

ಉತ್ತರ 3
ಹಿರಿಯರಿಬ್ಬರೇ ಅಂತೀರಲ್ಲ, ಹಾಗಾದರೆ ಕಿ.ಮೀ. ಲೆಕ್ಕಕ್ಕಿಂತ ಇದು ಮುಖ್ಯ: ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಅಗ್ಗವೆಂದು ಬೇರೆ ಬೇರೆ ಟಿಕೆಟ್ ತೆಗೆದರೆ ಲಗೇಜ್ ದುಬೈಗೇ ನಿಲ್ಲಬಹುದು. ಅದನ್ನು ತೆಗೆಯಲು ಇಮಿಗ್ರೇಷನ್ ದಾಟಬೇಕು, ದಾಟಲು ವೀಸಾ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ಹಣವೂ ಹೋಯಿತು. ವೀಲ್‌ಚೇರ್ ಅನ್ನು ಬುಕ್ ಮಾಡುವಾಗಲೇ ಕೇಳಿ.

ಮಳೆಗಾಲದಲ್ಲಂತೂ ನಡುವೆ ನಾಲ್ಕು ಗಂಟೆಯಾದರೂ ಇಡಿ. ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ಬರಬೇಕಾದ ವಿಮಾನ ಬೇರೆ ಊರಿಗೆ ತಿರುಗುತ್ತದೆ, ಹೊರಡುವುದೂ ತಡ. ಮಣಿಪಾಲದಿಂದ ಬಜಪೆಗೆ ಎರಡು ಗಂಟೆ, ಚೆಕ್-ಇನ್‌ಗೆ ಮೂರು ಗಂಟೆ ಇಟ್ಟುಕೊಂಡರೆ 10ರ ವಿಮಾನಕ್ಕೆ ಬೆಳಗಿನ 5ಕ್ಕೆ ಮನೆ ಬಿಡಬೇಕು.